ಮೂಗು ಬೇಡದ ಅನಿಲ

ಮೊನ್ನೆ ಮುಂಡಗೋಡದಲ್ಲಿ ಕ್ಷೌರದಂಗಡಿಯವನು ಕೂದಲಿಗೆ ಹಚ್ಚುವ ಬಣ್ಣದ ಟ್ಯೂಬ್ ಬಿಚ್ಚಿದ. ಮೂಗಿಗೆ ಚುರುಕ್ ಎಂದು ತಾಗಿ ಕಣ್ಣಲ್ಲಿ ನೀರು ಬಂತು. ಅಮೋನಿಯಾ ಇಲ್ಲದ್ದೂ ಸಿಗುತ್ತದೆ, ಸ್ವಲ್ಪ ತುಟ್ಟಿ ಎಂದ. ಇದೇ ಇರಲಿ ಎಂದೆ. ಅಷ್ಟರಲ್ಲಿ ಹೈಸ್ಕೂಲಿನ ನಮ್ಮ ವಿಜ್ಞಾನದ ಸರ್ ನೆನಪಾಗಿದ್ದರು...

ಸರ್‌ಗೆ ವಾಸನೆ ತಿಳಿಯುತ್ತಿರಲಿಲ್ಲ. ಯಾವುದೋ ಜ್ವರದಲ್ಲಿ ಹೋದದ್ದು ಮರಳಿ ಬಂದಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಮ್ಮೆ ಪ್ರಯೋಗಾಲಯದ ತುಂಬ ಕೊಳೆತ ಮೊಟ್ಟೆಯ ನಾತ ಹರಡಿ ನಾವೆಲ್ಲ ಮೂಗು ಮುಚ್ಚಿಕೊಂಡಾಗಲೂ ಅವರು ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಲೇ ಇದ್ದರು. ಆವತ್ತು ನಮಗೆ ಗೊತ್ತಾಯಿತು.

"ಸರ್‌ಗೆ ಮೂಗು ಇರೂದು ಚಷ್ಮಾ ಇಡಾಕ ಅಷ್ಟ" ಎಂದಳು, ಸನವಳ್ಳಿಯಿಂದ ಬರುತ್ತಿದ್ದ ಮುಂದಿನ ಬೆಂಚಿನ ಹುಡುಗಿ. ಎಲ್ಲರೂ ನಕ್ಕೆವು. ಆದರೆ ಆಮೇಲೆ ಸರ್ ಪ್ರಯೋಗ ಮಾಡಿ ವಾಸನೆ ಹೇಗಿದೆ ಎಂದು ಕೇಳಿದಾಗ ಒಬ್ಬರೂ ತಮಾಷೆ ಮಾಡಲಿಲ್ಲ. ಘಾಟು, ಸಪ್ಪೆ, ಸುಟ್ಟಂಥದ್ದು... ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಅದನ್ನೇ ನಂಬಿ ಪಾಠ ಮುಂದುವರಿಸುತ್ತಿದ್ದರು.

ಅಮೋನಿಯಾದ ಕೈಗಾರಿಕಾ ತಯಾರಿಕೆಯ ಪಾಠವೆಂದರೆ ಅವರಿಗೆ ಬಹಳ ಪ್ರೀತಿ. ಒಂದೇ ಅವಧಿಯಲ್ಲಿ ಮುಗಿಯಬಹುದಾದದ್ದನ್ನು ದಿನಗಟ್ಟಲೆ ಎಳೆಯುತ್ತಿದ್ದರು. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಕಾರ್ಖಾನೆಯ ಚಿತ್ರ. ಗಾಳಿಯಿಂದ ತೆಗೆದ ನೈಟ್ರೋಜನ್ನನ್ನು ಹೈಡ್ರೋಜನ್ನಿನ ಜೊತೆ ಸೇರಿಸಿ, ಒತ್ತಿ, ಕಾಯಿಸಿ, ಕಬ್ಬಿಣದ ಮೇಲೆ ಹಾಯಿಸುವುದು. ಹುಟ್ಟಿದಷ್ಟು ಅಮೋನಿಯಾವನ್ನು ತಂಪು ಮಾಡಿ ಇಳಿಸಿಕೊಳ್ಳುವುದು. ಕೂಡದೆ ಉಳಿದದ್ದನ್ನು ಮತ್ತೆ ಒಳಗೆ ಕಳಿಸುವುದು. ನಿಮ್ಮ ಗದ್ದೆಗೆ ಬೀಳುವ ಯೂರಿಯಾ ಹುಟ್ಟುವುದು ಹೀಗೆ ಎನ್ನುತ್ತಿದ್ದರು.

"ನೈಟ್ರೋಜನ್ನಿಗೆ ವಾಸನಿ ಇಲ್ಲ, ಹೈಡ್ರೋಜನ್ನಿಗೂ ಇಲ್ಲ. ಎರಡೂ ಕೂಡಿ ಹುಟ್ಟಿದ್ದು ಮಾತ್ರ ಯಾರನ್ನೂ ಬಿಡೂದಿಲ್ಲ ನೋಡ್ರಿ." ಈ ಮಾತು ಪ್ರತಿ ಸಲವೂ ಬರುತ್ತಿತ್ತು.

ಆ ವರ್ಷ ಅದೇ ಪಾಠ ನಡೆದಿರುವಾಗ ವಿಜ್ಞಾನದ ಪರಿವೀಕ್ಷಕರು ಬರುತ್ತಾರೆಂಬ ಸುದ್ದಿ ಬಂತು. ಸರ್ ಮೂಗಿನ ವಿಷಯ ಹೇಗೋ ಅವರ ಕಿವಿಗೂ ಬಿದ್ದಿತ್ತು. ಅದು ನಿಜವೆಂದು ಗೊತ್ತಾದರೆ ಪ್ರಯೋಗಾಲಯದ ಕೀಲಿ ಬೇರೆಯವರ ಕೈಗೆ, ಸರ್‌ಗೆ ಬರೀ ಗಣಿತ ಎಂದು ಜವಾನ ಹೇಳಿದ. ಸನವಳ್ಳಿಯ ಹುಡುಗಿ ತರಗತಿಗೆ ಧೈರ್ಯ ಹೇಳಿದಳು. ಅಮೋನಿಯಾದ ಬಾಟಲಿ ತೆರೆದ ಕೂಡಲೇ ತಾನು ಕೆಮ್ಮುವುದು, ಸರ್‌ಗೆ ಅಷ್ಟು ಸುಳಿವು ಸಾಕು.

ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಪೂರ್ತಿ ಕೇಳಿದರು. ಆಮೇಲೆ ಎದ್ದು ಬಂದು ಕಪಾಟಿನಿಂದ ಚೀಟಿ ಉದುರಿದ ಎರಡು ಬಾಟಲಿ ತೆಗೆದರು. ಒಂದರಲ್ಲಿ ಸುಣ್ಣದ ತಿಳಿನೀರು, ಇನ್ನೊಂದರಲ್ಲಿ ಅಮೋನಿಯಾದ ದ್ರಾವಣ. ಎರಡೂ ನೀರಿನಂತೆಯೇ ಕಾಣುತ್ತಿದ್ದವು.

"ಇದರಾಗ ಅಮೋನಿಯಾ ಯಾವುದು, ನೀವ ವಾಸನಿ ನೋಡಿ ಹೇಳ್ರಿ ಮಾಸ್ತರ್."

ಸರ್ ಮೊದಲ ಬಾಟಲಿಯ ಬಿರಡೆ ತೆಗೆದರು. ಗಾಬರಿಯಲ್ಲಿದ್ದ ಹುಡುಗಿ ಜೋರಾಗಿ ಕೆಮ್ಮಿದಳು. ಅದು ಸುಣ್ಣದ ನೀರು. ಸರ್ ಅವಳತ್ತ ಒಮ್ಮೆ ನೋಡಿ ಬಿರಡೆಯನ್ನು ಮೆಲ್ಲಗೆ ಮುಚ್ಚಿದರು. ಎರಡನೆಯದನ್ನು ತೆಗೆದು ಅಂಗೈಯಿಂದ ಗಾಳಿ ಬೀಸಿಕೊಂಡರು. ತಲೆ ತಟ್ಟನೆ ಹಿಂದೆ ಸರಿಯಿತು, ಕಣ್ಣೀರು ಗಲ್ಲಕ್ಕೆ ಇಳಿಯಿತು.

"ಇದರೀ ಸಾಹೇಬ್ರ" ಎಂದರು.

ಪಕ್ಕದಲ್ಲೇ ನಿಂತಿದ್ದ ಸಾಹೇಬರೂ ಕರವಸ್ತ್ರ ಹುಡುಕುತ್ತಿದ್ದರು. ಇನ್ನೇನೂ ಕೇಳದೆ ಹೊರಟುಹೋದರು.

ವಾಸನೆ ಹೋದವರಿಗೂ ಅಮೋನಿಯಾ ತಾಗುತ್ತದೆ. ಅದು ಚುಚ್ಚುವುದು ವಾಸನೆಯ ನರವನ್ನಲ್ಲ, ಉರಿ ತಿಳಿಸುವ ಬೇರೊಂದು ನರವನ್ನು. ಇದನ್ನು ನಾನು ಎಷ್ಟೋ ವರ್ಷಗಳ ಮೇಲೆ, ಪತ್ರಿಕೆಯ ವರದಿಯೊಂದಕ್ಕಾಗಿ ವೈದ್ಯರನ್ನು ಮಾತಾಡಿಸುವಾಗ ತಿಳಿದೆ. ಆವತ್ತು ನಮಗೆ ತಿಳಿದದ್ದು ಸರ್ ಉಳಿದರು ಎಂಬುದಷ್ಟೇ. ಗಂಟೆ ಹೊಡೆದ ಮೇಲೆ ಅವರು ಆ ಹುಡುಗಿಯ ಬೆಂಚಿನ ಹತ್ತಿರ ನಿಂತರು.

"ಕೆಮ್ಮು ಚಲೋ ಇತ್ತವಾ. ಬಾಟ್ಲಿ ತಪ್ಪಿತು."

ಇಡೀ ತರಗತಿ ನಕ್ಕಿತು, ಅವರೂ ನಕ್ಕರು. ನಿವೃತ್ತಿಯವರೆಗೂ ಕೀಲಿ ಅವರ ಕೈಯಲ್ಲೇ ಇತ್ತು.

ಸರ್ ತೀರಿಕೊಂಡು ವರ್ಷವಾಗುತ್ತ ಬಂತು. ಈಗ ಇದನ್ನು ಬರೆದರೆ ಅವರಿಗೆ ತೊಂದರೆಯಿಲ್ಲ. ಕ್ಷೌರದಂಗಡಿಯಿಂದ ಬಂದ ಮರುದಿನ ಹಳಿಯಾಳದ ಅವರ ಮನೆಗೆ ಹೋಗಿದ್ದೆ. ಪಡಸಾಲೆಯ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿದ್ದರು. ನಾನು ಬಾಟಲಿಯ ಕಥೆ ಹೇಳಿದಾಗ ಅವರ ಹೆಂಡತಿ, ತಮಗೂ ಆ ದಿನ ನೆನಪಿದೆ ಎಂದರು.

"ಸಾಹೇಬ್ರು ಬರ್ತಾರಂತ ಗೊತ್ತಾದಾಗಿಂದ ನಿದ್ದಿ ಮಾಡಿದ್ದಿಲ್ಲರೀ. ಆವತ್ತ ಮನಿಗೆ ಬಂದು ಹೊಟ್ಟಿ ತುಂಬ ಉಂಡು ಇದ ಮಂಚದ ಮ್ಯಾಲ ಅಡ್ಡಾದ್ರು. ಸಂಜಿ ಚಹಾ ಆರಿ ಹೋತು, ಎಬ್ಬಿಸಾಕ ನನಗ ಮನಸ್ಸಾಗಲಿಲ್ಲ."