ಇಪ್ಪತ್ತಮೂರು ಕಿಲೋ ತೂಕದ ಕಳ್ಳ

ಬೆಳಗಿನ ಐದೂವರೆ. ಬಾಂಗ್ ಸರೆ ಎಂಬ ಮೀನುಗಾರರ ಊರಿನ ಕಿನಾರೆಗೆ ಬೊಂಡಾಸ್ ಮೀನು ಹಿಡಿಯುವ ದೋಣಿಗಳು ಮರಳುತ್ತಿವೆ. ಅವುಗಳ ಹಿಂದೆ ಏಳುವ ಅಲೆಗೆ ಹೊಂಚು ಹಾಕಿ, ನಿಂತು ಓಡಿಸುವ ಜೆಟ್ ಸ್ಕೀ ಮೇಲೆ ನಲವತ್ತಾರರ ಲದ್ದಾವನ್ ಕಾದಿದ್ದಾಳೆ. ಅಲೆ ಬಂದೊಡನೆ ಮಂಡಿ ಮಡಿಸಿ, ಹಿಡಿಕೆಯನ್ನು ಎದೆಗೆಳೆದು, ತಲೆಯನ್ನು ಹಿಂದಕ್ಕೆಸೆಯುತ್ತಾಳೆ. ಗಾಡಿಯ ಮೂತಿ ಆಕಾಶ ನೋಡುತ್ತದೆ, ಅಷ್ಟೇ. ಅವಳೊಂದು ಕಡೆ, ಗಾಡಿಯೊಂದು ಕಡೆ. ಇವತ್ತಿಗೆ ಇದು ಒಂಬತ್ತನೇ ಸಲ.

"ಯಾರೋ ನನ್ನ ಗಾಡಿ ಮುಟ್ಟಿದಾರೆ," ಉಪ್ಪುನೀರು ಉಗಿದು ಹೇಳುತ್ತಾಳೆ. "ಹೋದ ತಿಂಗಳು ಪಲ್ಟಿ ಹೊಡೆದ್ರೆ ಮುಕ್ಕಾಲು ತಿರುಗ್ತಿತ್ತು. ಈಗ ಅರ್ಧಕ್ಕೇ ಸಾಯ್ತದೆ. ಗಾಡಿ ತಾನಾಗೇ ಸೋಮಾರಿ ಆಗ್ತದಾ?"

ಪ್ರವಾಸಿಗರಿಗೆ ಜೆಟ್ ಸ್ಕೀ ಬಾಡಿಗೆ ಕೊಡುವಲ್ಲಿ ಹನ್ನೊಂದು ವರ್ಷದಿಂದ ಅವಳದು ತೊಳೆಯುವ ಕೆಲಸ. ದಿನಕ್ಕೆ ಹದಿನಾಲ್ಕು ಗಾಡಿ. ಎಂಜಿನ್‌ಗೆ ಸಿಹಿನೀರು ಬಿಟ್ಟು ಉಪ್ಪು ಕಳೆಯಬೇಕು, ಮೂತಿಯನ್ನು ದಿಮ್ಮಿಗೆ ಏರಿಸಿ ಹೊಟ್ಟೆಯ ನೀರು ಬಸಿಯಬೇಕು. ಗಾಡಿ ಹೊಳೆದರೆ ಯಜಮಾನನಿಗೆ ಹೊಗಳಿಕೆ. ತೊಳೆದವಳ ಹೆಸರು ಯಾರಿಗೆ ಬೇಕು? ಮೂರು ವರ್ಷದ ಹಿಂದೆ ಯಜಮಾನ ವಿರೋತ್ ಬಿಸಾಡಿದ ಒಡಕು ಗಾಡಿಗೆ ತೇಪೆ ಹಾಕಿಸಿಕೊಂಡು ಅವಳು ಪಲ್ಟಿ ಕಲಿಯತೊಡಗಿದಳು. ಒಂದು ಹಲ್ಲು, ಎರಡು ಪಕ್ಕೆಲುಬು ಅದಕ್ಕೆ ಬಲಿಯಾಗಿವೆ.

ಹೊಸವರ್ಷದ ಸೋಂಕ್ರಾನ್ ಹಬ್ಬದ ಜೆಟ್ ಸ್ಕೀ ಪ್ರದರ್ಶನದಲ್ಲಿ ಒಂದು ಜಾಗ ಖಾಲಿಯಿದೆ. ವಿರೋತ್ ಹೇಳಿಬಿಟ್ಟಿದ್ದಾನೆ: "ಶನಿವಾರದೊಳಗೆ ಪೂರ್ತಿ ಪಲ್ಟಿ ಹೊಡಿ, ಜಾಗ ನಿಂದು. ಇಲ್ಲಾಂದ್ರೆ ಸುಮ್ನೆ ಪೈಪ್ ಹಿಡ್ಕೊಂಡಿರು."

ಅದೇ ಜಾಗದ ಮೇಲೆ ಮೆಕ್ಯಾನಿಕ್ ಪ್ರಯೊಂಗನ ಅಳಿಯನಿಗೂ ಕಣ್ಣಿದೆ. ಹೋದ ತಿಂಗಳು ಅವಳ ಗಾಡಿಯ ಎಂಜಿನ್ ಬಿಚ್ಚಿದವನೂ ಪ್ರಯೊಂಗನೇ. ಲದ್ದಾವನ್‌ಗೆ ಇಷ್ಟು ಸಾಕು. ಎಂಜಿನ್ ಮುಚ್ಚಳಕ್ಕೆ ದಿನಾ ನೂಲು ಕಟ್ಟುತ್ತಾಳೆ. ನೂಲು ಹರಿಯುವುದೇ ಇಲ್ಲ. ಅದಕ್ಕೂ ಅನುಮಾನ: "ಬಿಚ್ಚಿ ಮತ್ತೆ ಹಾಗೇ ಕಟ್ಟಿರ್ತಾನೆ. ಆ ಮುದುಕನ ಬೆರಳು ನೋಡಿದೀರಾ?"

ಶುಕ್ರವಾರ ಅವಳ ಸಹನೆಯ ಕಟ್ಟೆಯೊಡೆಯುತ್ತದೆ. "ನನ್ನ ಎಂಜಿನ್‌ನಿಂದ ಏನು ಕದ್ದೆ, ಮಾಮ?"

ಪ್ರಯೊಂಗ್ ಗಂಜಿಯ ಬಟ್ಟಲು ಕೆಳಗಿಡುತ್ತಾನೆ. "ನಾನು ಕಳ್ಳನಾ? ನಡಿ, ಮೀನು ತೂಗೋ ತಕ್ಕಡಿಗೆ ಹಾಕೋಣ. ಕದ್ದಿದ್ರೆ ಕಮ್ಮಿ ತೂಗಬೇಕಲ್ಲ?"

ತೇಪೆ ಹಾಕಿದ ದಿನದ ತೂಕ ಗಾಡಿಯ ಒಳಗೋಡೆಯ ಮೇಲೆ ಬರೆದಿದೆ: ನೂರನಲವತ್ತೆಂಟು ಕಿಲೋ. ತಕ್ಕಡಿಯ ಮುಳ್ಳು ನೂರೆಪ್ಪತ್ತೊಂದಕ್ಕೆ ನಿಲ್ಲುತ್ತದೆ.

"ಗಾಡಿ ಬಸುರಿ ಕಣೇ!" ಮೀನು ಮಾರುವವರು ಹೊಟ್ಟೆ ಹಿಡಿದು ನಗುತ್ತಾರೆ.

ಪ್ರಯೊಂಗ್ ಮುಚ್ಚಳ ತೆಗೆದು, ಗಾಡಿ ಮುಳುಗದಂತೆ ಒಳಗೆ ತುಂಬಿದ್ದ ಫೋಮ್ ಕೊಯ್ದು ಹಿಂಡುತ್ತಾನೆ. ನೀರು ಧಾರೆಯಾಗಿ ಸುರಿಯುತ್ತದೆ. ಊರಿನ ಗಾಡಿಗಳನ್ನೆಲ್ಲ ಬಸಿಯುವವಳು ಸಂಜೆ ಸೊಂಟ ಬಿದ್ದುಹೋದ ಮೇಲೆ ತನ್ನದನ್ನು ಹಾಗೇ ಮರಳ ಮೇಲೆ ಅಡ್ಡ ಕೆಡವಿ ಮನೆಗೆ ಹೋಗುತ್ತಿದ್ದಳು. ಹೊಟ್ಟೆಯಲ್ಲಿ ನಿಂತ ನೀರನ್ನು ಫೋಮ್ ಕುಡಿದಿದೆ.

ಅವಳು ಮಲ್ಲಿಗೆ ಮಾಲೆ ತಂದು, ಕೈ ಮುಗಿದು ಹಣೆಗೊತ್ತಿ ನಿಲ್ಲುತ್ತಾಳೆ. "ತಪ್ಪಾಯ್ತು ಮಾಮ."

"ನಂಗ್ಯಾಕೆ ಹೂವು? ಗಾಡಿ ಮೂತಿಗೆ ಕಟ್ಟು. ಗಾಡಿ ಕಾಯೋ ಆ ತಾಯಿಗೆ ನಿನ್ನ ಮೇಲೆ ನನಗಿಂತ ಜಾಸ್ತಿ ಸಿಟ್ಟಿದೆ."

ಶನಿವಾರ, ಐದನೇ ಅಲೆ. ನೆಂದ ಫೋಮ್ ಕಳೆದು ಹಗುರಾದ ಗಾಡಿ ಏಳುತ್ತದೆ, ತಲೆಕೆಳಗಾಗುತ್ತದೆ, ಪೂರ್ತಿ ಸುತ್ತಿ ನೀರಿಗೆ ಬಡಿಯುತ್ತದೆ. ಲದ್ದಾವನ್ ನಿಂತೇ ಇದ್ದಾಳೆ!

ವಿರೋತ್ ತಡವಾಗಿ, ಕರಿದ ಹಿಟ್ಟಿನ ತುಂಡು ಅಗಿಯುತ್ತಾ ಬರುತ್ತಾನೆ. "ಹೊಡೆದೆ ಅಂತೀಯ. ನೋಡಿದೋರು ಯಾರು?"

ಕಿನಾರೆಯಲ್ಲಿ ಇದ್ದವನು ಒಬ್ಬನೇ. ಅವನು ಸುಮ್ಮನಿದ್ದರೆ ಜಾಗ ಅಳಿಯನಿಗೆ. ಲದ್ದಾವನ್ ಅವನ ಕಡೆ ತಿರುಗಿಯೂ ನೋಡುವುದಿಲ್ಲ.

"ನಾನು ನೋಡ್ದೆ," ಪ್ರಯೊಂಗ್ ಗೊಣಗುತ್ತಾನೆ. "ಎರಡೂ ಕಾಲ ಮೇಲೆ ಇಳಿದ್ಲು. ಬರ್ಕೋ ಹೆಸರು."

ಹಬ್ಬದ ದಿನಕ್ಕೆ ಏನಾಸೆ ಎಂದು ಕೇಳಿದರೆ ಅವಳು ಪೈಪ್ ಎತ್ತಿಕೊಳ್ಳುತ್ತಾಳೆ. ಹದಿನಾಲ್ಕು ಗಾಡಿಗಳು ಸಾಲಾಗಿ ಕಾದಿವೆ. ಅವನ್ನು ದಾಟಿ ಹೋಗಿ, ತನ್ನ ಗಾಡಿಯ ಮೂತಿಯನ್ನು ದಿಮ್ಮಿಗೆ ಏರಿಸುತ್ತಾಳೆ.

"ಆಸೆ ಗೀಸೆ ಏನಿಲ್ಲ. ಇನ್ಮೇಲೆ ನಂದು ಮೊದಲು."