ಆರ್ಡಿಸ್ ಮುಚ್ಚಿದ ಗುಂಡಿ

ಆರ್ಡಿಸ್ ಕುಬಿಯಾಕ್ ಎದುರಿಗೆ ಬಂದರೆ ನಮ್ಮೂರಿನಲ್ಲಿ ಮೀಸೆ ನೆರೆತವರೂ ನೆಟ್ಟಗೆ ನಿಲ್ಲುತ್ತಾರೆ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಅಷ್ಟೂ ಜನರಿಗೆ ಬಡಿಸಿದವಳು ಅವಳೇ. ನಿವೃತ್ತಳಾದ ಮೇಲೆ ಸೌಟಿನ ಜಾಗಕ್ಕೆ ಲೋಹ ಹುಡುಕುವ ಯಂತ್ರ ಬಂತು. ಬಾಯಿ ಮಾತ್ರ ಹಾಗೆಯೇ ಉಳಿಯಿತು.

ನಾನು ಲೈಲ್, ಮುಖ್ಯರಸ್ತೆಯಲ್ಲಿ ಕ್ಷೌರದಂಗಡಿ ಇಟ್ಟವನು. ನಾನು, ಹಸು ಸಾಕುವ ಡೆಲ್ಮಾರ್, ಆರ್ಡಿಸ್, ಇಷ್ಟೇ ಜನ ನಮ್ಮ ಸಂಘ. ಪ್ರತಿ ಶನಿವಾರ ಬೆಳಗ್ಗೆ ಪಾರ್ಕಿನಲ್ಲಿ ಯಂತ್ರ ಆಡಿಸುತ್ತಾ ಅಡ್ಡಾಡುತ್ತೇವೆ. ನಮ್ಮ ಮುತ್ತಜ್ಜಂದಿರು ಅಲ್ಲಿ ಬ್ಯಾಂಡಿನವರ ಹಾಡಿಗೆ ಕುಣಿದು ಜೇಬಿನ ಚಿಲ್ಲರೆ ಉದುರಿಸಿಕೊಂಡವರು. ಸಿಗುವುದೆಲ್ಲ ಸೋಡಾ ಡಬ್ಬಿಯ ಉಂಗುರಗಳೇ ಬಿಡಿ. ಅಪರೂಪಕ್ಕೆ ಬೆಳ್ಳಿಯ ಹಳೆಯ ಡೈಮ್ ನಾಣ್ಯ ಒಂದು ಸಿಕ್ಕಿತೋ, ಆ ವಾರವೆಲ್ಲ ನನ್ನ ಕುರ್ಚಿಯಲ್ಲಿ ಕೂತ ಪ್ರತಿ ತಲೆಯೂ ಆ ಕಥೆ ಕೇಳಲೇಬೇಕು. ಆರ್ಡಿಸ್‌ಗೆ ಮನೆಯಲ್ಲಿ ಮಾತಾಡಲು ಇರುವುದು ಬೆಕ್ಕು ಮಾತ್ರ. ತಾನು ವಾರವೆಲ್ಲ ಶನಿವಾರಕ್ಕಾಗಿಯೇ ಬದುಕುತ್ತೇನೆ ಎಂದು ಅವಳೇ ಹೇಳಿದ್ದಾಳೆ.

ಕಳೆದ ಜೂನ್‌ನಲ್ಲಿ ಅಂಥ ಒಂದು ಶನಿವಾರ, ಪಾರ್ಕಿನ ಉಸ್ತುವಾರಿ ನೋಡುವ ಬ್ರೆಂಟ್ ರಜೆಯ ಬಟ್ಟೆಯಲ್ಲೇ ಬಂದು ನಮ್ಮನ್ನು ತಡೆದ. ಅವನೂ ಆರ್ಡಿಸ್‌ಳ ಕೈಯಡುಗೆ ಉಂಡು ಬೆಳೆದವನೇ.

"ಮಿಸೆಸ್ ಕುಬಿಯಾಕ್, ಇವತ್ತಿಂದ ಇದೆಲ್ಲ ಬಂದ್. ಬೇಸ್‌ಬಾಲ್ ಮೈದಾನದ ಹತ್ರ ಯಾರೋ ಗುಂಡಿ ತೋಡಿ ಹಾಗೇ ಬಿಟ್ಟು ಹೋಗಿದ್ದಾರೆ. ಆಡೋಕೆ ಬಂದೋರೊಬ್ರ ಕಾಲು ಉಳುಕಿದೆ."

"ಆ ಗುಂಡಿ ನಂದು ಅಂತ ಯಾವನೋ ಹೇಳಿದ್ದು?"

"ಎಲ್ರೂ ನಮ್ದಲ್ಲ ಅಂತಾರೆ. ನಾನು ಯಾರನ್ನ ನಂಬ್ಲಿ ಹೇಳಿ?"

ಆರ್ಡಿಸ್‌ಳ ಮೂಗು ಕೆಂಪಾಯಿತು. "ಹಾಗಾದ್ರೆ ಕೇಳು. ಬೆನ್ನು ತಿರುಗಿಸಿ ನಿಂತ್ಕೋ. ಈ ಎರಡು ಬೆಂಚಿನ ಮಧ್ಯೆ ನಾನೊಂದು ಗುಂಡಿ ತೋಡಿ ಮುಚ್ತೀನಿ. ನೀನದನ್ನ ಕಂಡುಹಿಡಿದ್ಯೋ, ಈ ಯಂತ್ರ ನಿಂದು, ನಾವು ಮೂರೂ ಜನ ಇನ್ನು ಈ ಕಡೆ ತಲೆ ಹಾಕಲ್ಲ. ಆಗ್ಲಿಲ್ವೋ, ತೆಪ್ಪಗೆ ನಮ್ಮನ್ನ ಬಿಡ್ಬೇಕು."

ಮೂರೂ ಜನವಂತೆ! ನನ್ನನ್ನು ಒಂದು ಮಾತು ಕೇಳಿದಳೇ? ಡೆಲ್ಮಾರ್‌ನನ್ನು ಕೇಳಿದಳೇ? ಬ್ರೆಂಟ್ ನಗುತ್ತಾ ಒಪ್ಪಿ ತಿರುಗಿ ನಿಂತೇಬಿಟ್ಟ.

ಅವಳ ಯಂತ್ರ ಒಂದು ಕಡೆ ಕುಂಯ್ ಎಂದಿತು. ಅಲ್ಲಿ ಕುಳಿತು ಹುಲ್ಲನ್ನು ಮೂರು ಬದಿ ಕೊಯ್ದು, ನಾಲ್ಕನೆಯ ಬದಿಯನ್ನು ಬಾಗಿಲಿನ ಕೀಲಿನಂತೆ ಬಿಟ್ಟು ಮೇಲೆತ್ತಿದಳು. ಮಣ್ಣನ್ನು ಟವೆಲ್ಲಿನ ಮೇಲೆ ತೆಗೆದಿಟ್ಟಳು. ಗುಂಡಿಯೊಳಗೆ ನಾಣ್ಯ ಎಲ್ಲಿದೆಯೆಂದು ತಿವಿದು ನೋಡಲು ಕಿತ್ತಳೆ ಬಣ್ಣದ, ಬ್ಯಾಟರಿಯ ಗಿಡ್ಡ ಕಡ್ಡಿಯೊಂದಿದೆ, ನಾವು ಅದನ್ನು ಕ್ಯಾರೆಟ್ ಎನ್ನುತ್ತೇವೆ. ಅದರಿಂದ ಕೆದಕಿ ಗೋಧಿತೆನೆಯ ಗುರುತಿನ ಹಳೆಯ ಪೆನ್ನಿಯೊಂದನ್ನು ತೆಗೆದು ನಮ್ಮತ್ತ ಹಲ್ಲು ಕಿರಿದಳು. ಮಣ್ಣು ತುಂಬಿ, ಹುಲ್ಲು ಮುಚ್ಚಿ, ನೀರು ಚಿಮುಕಿಸಿ, ಬೆರಳಿನಿಂದ ಎಳೆ ಎಳೆಯನ್ನೂ ಎಬ್ಬಿಸಿದಳು. ಕಣ್ಣೆದುರೇ ನಡೆದ ಕೆಲಸ, ಆದರೂ ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಯಾವುದೆಂದು ನನಗೇ ಮರೆತುಹೋಯಿತು.

ಬ್ರೆಂಟ್ ಮೊದಲು ನಿಂತು ನೋಡಿದ, ಆಮೇಲೆ ಬಗ್ಗಿದ, ಕೊನೆಗೆ ಅಂಬೆಗಾಲಿಟ್ಟ. "ಹುಡುಕಪ್ಪಾ ಹುಡುಕು, ಊಟದ ಹೊತ್ತಾಗ್ತಾ ಬಂತು," ಎಂದು ಆರ್ಡಿಸ್ ಬೆಂಚಿನ ಮೇಲೆ ಕಾಲಾಡಿಸುತ್ತಾ ಕೂತಳು. ಅವನು ಕೈ ಕೊಡವಿಕೊಂಡು "ಆಯ್ತು ಮಿಸೆಸ್ ಕುಬಿಯಾಕ್, ನೀವೇ..." ಎನ್ನುವಷ್ಟರಲ್ಲಿ ನೆಲ ಕೂಗಿತು.

ಪೀಂ, ಪೀಂ, ಪೀಂ.

ಆರ್ಡಿಸ್ ಸೊಂಟ ಮುಟ್ಟಿ ನೋಡಿಕೊಂಡಳು. ಕ್ಯಾರೆಟ್ ಸಿಕ್ಕಿಸುವ ಚೀಲ ಖಾಲಿ! ಚಾಲೂ ಇಟ್ಟು ಮರೆತರೆ ಸ್ವಲ್ಪ ಹೊತ್ತಿಗೆ ಕ್ಯಾರೆಟ್ ತಾನಾಗಿ ಅರಚಿಕೊಳ್ಳುತ್ತದೆ. ಪುಣ್ಯಾತ್ಗಿತ್ತಿ ಅದನ್ನು ಒಳಗಿಟ್ಟೇ ಗುಂಡಿ ಮುಚ್ಚಿದ್ದಳು!

ಡೆಲ್ಮಾರ್ ಗಟ್ಟಿಯಾಗಿ ಕೆಮ್ಮತೊಡಗಿದ.

"ಏನದು ಸದ್ದು?" ಎಂದ ಬ್ರೆಂಟ್.

"ಮಿಡತೆ," ಎಂದೆ ನಾನು.

"ಇಂಥಾ ಮಿಡತೆನಾ?"

"ಈ ವರ್ಷ ಬಹಳ ಜೋರು ಕಣಯ್ಯಾ."

"ಸುಮ್ನಿರೋ ಲೈಲ್," ಎಂದಳು ಆರ್ಡಿಸ್. ಮುಖ ಬಿಳಿಚಿತ್ತು. "ಅದು ನನ್ನ ಕ್ಯಾರೆಟ್ಟು. ಜಾಗ ಗೊತ್ತಾಗೋಯ್ತು, ನಾನು ಸೋತೆ. ತಗೋ." ಯಂತ್ರವನ್ನು ಹೆಗಲಿನಿಂದ ಬಿಚ್ಚಿ ಅವನ ಕೈಗಿತ್ತಳು, ಅಗೆಯುವ ಚೂರಿಯನ್ನೂ ಕೊಟ್ಟಳು. "ಗೆದ್ದೋನು ನೀನು, ನೀನೇ ಅಗೆದು ತೆಗಿ."

ಬ್ರೆಂಟ್ ಯಂತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೆಲಕ್ಕೆ ಕಿವಿಯಿಟ್ಟು, ಒಂದು ಕಡೆ ಅಗೆದ. ಇರಲಿಲ್ಲ. ಪಕ್ಕದಲ್ಲಿ ಅಗೆದ. ಅಲ್ಲೂ ಇಲ್ಲ. ಕ್ಯಾರೆಟ್ ಅವನ ಮಂಡಿಯ ಹತ್ತಿರವೇ ಎಲ್ಲೋ ಅರಚುತ್ತಿತ್ತು. ಮೂರನೆಯ ಗುಂಡಿಯಲ್ಲಿ ಅಂತೂ ಸಿಕ್ಕಿತು. ಅಷ್ಟರಲ್ಲಿ ಆ ಜಾಗ ಹಂದಿ ಉತ್ತ ಹಾಗೆ ಆಗಿತ್ತು.

ಅದೇ ಹೊತ್ತಿಗೆ ನಾಯಿ ಹಿಡಿದುಕೊಂಡು ಒಬ್ಬ ಹೆಂಗಸು ಬಂದಳು, ಊರಿಗೆ ಹೊಸಬಳಿರಬೇಕು. ಮಂಡಿಯೂರಿದ ಬ್ರೆಂಟ್, ಕಂಕುಳಲ್ಲಿ ಯಂತ್ರ, ಕೈಯಲ್ಲಿ ಚೂರಿ, ಸುತ್ತ ಗುಂಡಿಗಳು.

"ನಾಚಿಕೆ ಆಗಲ್ವೇನ್ರೀ? ನಿಮ್ಮಂಥೋರಿಂದ್ಲೇ ಪಾರ್ಕ್ ಹಾಳಾಗಿರೋದು! ತಡೀರಿ, ಇಲ್ಲಿನ ಉಸ್ತುವಾರಿಯವ್ರಿಗೆ ಹೇಳಿ ನಿಮ್ಗೆ ಮಾಡಿಸ್ತೀನಿ."

ಬ್ರೆಂಟ್ ಚೂರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಡೆಲ್ಮಾರ್‌ಗೆ ಈಗ ನಿಜವಾದ ಕೆಮ್ಮೇ ಬಂತು.

ಆರ್ಡಿಸ್ ನಗಲಿಲ್ಲ. "ಬಯ್ಬೇಡಿ ತಾಯಿ, ಅವನಿಗೆ ಇದು ಹೊಸದು. ನಾನು ಸರಿ ಮಾಡ್ತೀನಿ," ಎಂದು ಕೆಳಗೆ ಕೂತಳು. ಇನ್ನೆಂದೂ ಕಾಲಿಡಲಾಗದ ಪಾರ್ಕು, ಅದರಲ್ಲಿ ಬೇರೆಯವರು ತೋಡಿದ ಗುಂಡಿ! ಆದರೂ ಉದುರಿದ ಮಣ್ಣನ್ನು ಹಿಡಿ ಹಿಡಿಯಾಗಿ ಬಳಿದು ತುಂಬಿದಳು. ಹರಿದ ಹುಲ್ಲನ್ನು ಜೋಡಿಸಿ ಒತ್ತಿದಳು. ಎರಡು ಗುಂಡಿ ಮಾಯವಾಗುವುದನ್ನು ನೋಡಿ ಆ ಹೆಂಗಸು ಗೊಣಗುತ್ತಲೇ ಹೊರಟುಹೋದಳು.

ಬ್ರೆಂಟ್ ಎದ್ದು ಯಂತ್ರವನ್ನು ಆರ್ಡಿಸ್‌ಳ ಮುಂದೆ ಚಾಚಿದ.

"ತಗೊಳ್ಳಿ."

"ಸೋತೋಳಿಗೆ ಯಾಕೋ ಇದು?"

"ನಾನೆಲ್ಲಿ ಗೆದ್ದೆ? ಕೂಗಿ ಕರೆದ್ರೂ ಮೂರು ಕಡೆ ಅಗೀಬೇಕಾಯ್ತು. ನೀವು ಬನ್ನಿ ಮಿಸೆಸ್ ಕುಬಿಯಾಕ್, ಪ್ರತಿ ಶನಿವಾರ ಬನ್ನಿ. ಬೇರೆ ಯಾರು ಬಂದ್ರೂ ಮೊದ್ಲು ನಿಮ್ಹತ್ರ ಕಲ್ತು ಬರ್ಲಿ."

ಊರಿಗೆಲ್ಲ ಬಾಯಿ ಮಾಡುವವಳು ಯಂತ್ರವನ್ನು ಎದೆಗವಚಿಕೊಂಡು ಮಣ್ಣು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡಳು, ಕೆನ್ನೆಯೆಲ್ಲ ಕೆಸರಾಯಿತು. ನನಗೂ ಅಳು ಬರುವ ಹಾಗಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವಳು ಉಳಿದಿದ್ದ ಮೂರನೆಯ ಗುಂಡಿಯ ಕಡೆ ಗದ್ದ ಆಡಿಸಿದಳು.

"ಏನ್ ನೋಡ್ತಾ ನಿಂತಿದ್ದೀಯ? ಅದು ನಿಂದು. ಕೂತ್ಕೊಂಡು ಮುಚ್ಚು."

ಬ್ರೆಂಟ್ ಮತ್ತೆ ಮಂಡಿಯೂರಿದ.