ದೇಚಮ್ಮ ಆಂಟಿಯೂ ಬಗ್ಗುವ ಸ್ಟಾಕೂ

ದೇಚಮ್ಮ ಆಂಟಿ ಕೈಗೆ ಏನೇ ಸಿಕ್ಕರೂ ಮೊದಲು ಅದನ್ನು ಬಗ್ಗಿಸಿ ನೋಡುತ್ತಿದ್ದರು. ನಾವು ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ ಮನೆ ಕೊಂಡ ಹೊಸತರಲ್ಲಿ ಎದುರುಮನೆಯಿಂದ ಪರಿಚಯಕ್ಕೆಂದು ಬಂದವರು, ಕಾಫಿ ಆರುವಷ್ಟರಲ್ಲಿ ನಮ್ಮ ಊಟದ ಕುರ್ಚಿಯ ಬೆನ್ನು, ಪ್ಲಾಸ್ಟಿಕ್ ಸೌಟು, ಪುಸ್ತಕದ ಹಲಗೆ, ಕೊನೆಗೆ ನನ್ನ ಗಂಡ ಟೀಪಾಯಿಯ ಮೇಲಿಟ್ಟಿದ್ದ ಕನ್ನಡಕದ ಕಡ್ಡಿ, ಎಲ್ಲವನ್ನೂ ಹೆಬ್ಬೆರಳಲ್ಲಿ ಒತ್ತಿ ಪರೀಕ್ಷೆ ಮಾಡಿ ಮುಗಿಸಿದ್ದರು. ಕನ್ನಡಕ ಫೇಲಾಯಿತು.

"ಬಗ್ಗೋದು ತಪ್ಪಲ್ಲ ಕಣೇ," ಎಂದರು, ಕಡ್ಡಿಯನ್ನು ಮತ್ತೆ ನೆಟ್ಟಗೆ ಮಾಡುತ್ತಾ. "ಹೇಳದೆ ಕೇಳದೆ ಬಗ್ಗೋದು ತಪ್ಪು."

ಅವರು ಕೊಡವರು. ಮೈಸೂರಿನಲ್ಲಿ ಡಾಕ್ಟರಿ ಓದಿ, ಈ ದೇಶಕ್ಕೆ ಬಂದು, ಜೀವಮಾನವೆಲ್ಲ ಮುರಿದ ಎಲುಬುಗಳಿಗೆ ಸ್ಟೀಲಿನ ರಾಡು ಹಾಕಿ ನಿವೃತ್ತರಾದವರು. ನನ್ನ ಭುಜಕ್ಕೆ ಬರುವಷ್ಟು ಎತ್ತರ, ಕತ್ತರಿಸಿದ ಬಿಳಿ ಕೂದಲು, ಹಬ್ಬದ ಸೀರೆಯ ಕೆಳಗೂ ಓಟದ ಬೂಟು. ಜಗತ್ತಿನ ಬಹುಪಾಲು ಸಮಸ್ಯೆಗಳಿಗೆ ಅವರ ಹತ್ತಿರ ಒಂದೇ ಮದ್ದು: "ಒಂದು ರಾಡು ಹಾಕಿದ್ರೆ ಸರಿಹೋಗುತ್ತೆ." ನಮ್ಮ ಹಿತ್ತಲ ಬೇಲಿ ವಾಲಿದಾಗಲೂ ಅದನ್ನೇ ಹೇಳಿದರು, ನನ್ನ ಮ್ಯಾನೇಜರು ಮಾತು ಬದಲಿಸುತ್ತಾನೆ ಎಂದು ದೂರಿದಾಗಲೂ ಅದನ್ನೇ ಹೇಳಿದರು.

ಈ ಆಂಟಿ ವರ್ಷಕ್ಕೊಂದೆರಡು ಸಲ ಹಂದಿ ಬೇಟೆಗೆ ಹೋಗುತ್ತಾರೆ ಎಂದು ತಿಳಿದಾಗ ನಾನು ಒಂದು ವಾರ ಅವರ ಮನೆ ಕಡೆ ತಲೆ ಹಾಕಲಿಲ್ಲ. ಜಿರಲೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡುವ ಮನೆಯಲ್ಲಿ ಬೆಳೆದವಳು ನಾನು. ಆದರೆ ಅವರ ಯಜಮಾನರು ಮಾದಪ್ಪ ಅಂಕಲ್ ಮಾಡುತ್ತಿದ್ದ, ಅಕ್ಕಿ ಶಾವಿಗೆಯಂಥ ನೂಲ್‌ಪುಟ್ಟು ನನ್ನ ಸಂಕಲ್ಪಕ್ಕಿಂತ ಗಟ್ಟಿಯಾಗಿತ್ತು. ಅಂಕಲ್ ಮಾತು ಕಡಿಮೆ. ಹೆಂಡತಿಯನ್ನು ಎದುರಿಗೂ ಹಿಂದೆಯೂ "ಡಾಕ್ಟ್ರು" ಎಂದೇ ಕರೆಯುತ್ತಿದ್ದರು. "ಬೇಟೆ ಡಾಕ್ಟ್ರದ್ದು, ಒಲೆ ನಂದು," ಎನ್ನುತ್ತಾ ನನಗೆ ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಸಾರು ಮಾಡಿಡುತ್ತಿದ್ದರು.

ನಮ್ಮೂರಲ್ಲಿ, ಅಂದರೆ ಈ ಕೊಲ್ಲಿಯ ಸುತ್ತಮುತ್ತಲಲ್ಲಿ, ಸ್ಟಾಕು ಎಂಬ ಮಾತನ್ನು ಜೋರಾಗಿ ಆಡಬಾರದು, ಎಲ್ಲರ ಕಿವಿಗೂ ಅದು ಷೇರೇ. ಒಂದು ಯುಗಾದಿಯಲ್ಲಿ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ ಆಂಟಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ನನ್ನ ಸ್ಟಾಕು ತುಂಬ ಮೆತ್ತಗೆ ಕಣೇ, ನಂಬೋ ಹಾಗೇ ಇಲ್ಲ," ಎಂದರು. ಸುತ್ತ ನಿಂತಿದ್ದ ಗಂಡಸರೆಲ್ಲ ಒಟ್ಟಿಗೆ ತಿರುಗಿದರು. ರೆಡ್‌ವುಡ್ ಸಿಟಿಯಲ್ಲಿ ಕೆಲಸ ಮಾಡುವ ಒಬ್ಬರು ತಟ್ಟೆ ಕೆಳಗಿಟ್ಟು, "ಯಾವ ಕಂಪನಿ ಆಂಟಿ? ಪ್ಯಾನಿಕ್ ಆಗ್ಬೇಡಿ. ಹೋಲ್ಡ್ ಮಾಡಿ," ಎಂದರು.

"ಹೋಲ್ಡ್ ಮಾಡಿದ್ರೇನೇ ತೊಂದ್ರೆ," ಎಂದರು ಆಂಟಿ. "ಗಟ್ಟಿಯಾಗಿ ಹಿಡಿದ ತಕ್ಷಣ ಬಗ್ಗುತ್ತೆ. ಗುಂಡು ಎಡಕ್ಕೆ ಹೋಗುತ್ತೆ."

ಅಲ್ಲಿದ್ದವರಿಗೆ ಅರ್ಥವಾಗಲೆಂದು ಪಾಯಸದ ಸೌಟನ್ನೇ ಭುಜಕ್ಕಾನಿಸಿ ಪಾಠ ಮಾಡಿದರು. ಸ್ಟಾಕು ಎಂದರೆ ಬಂದೂಕಿನ ಮೈ. ಒಂದು ತುದಿ ಭುಜಕ್ಕೆ, ಇನ್ನೊಂದು ತುದಿ ಎಡಗೈಗೆ. ಅದರ ಮೇಲೆ ಕಬ್ಬಿಣದ ನಳಿಗೆ. ಹಿಂದೆಲ್ಲ ವಾಲ್ನಟ್ ಮರದಲ್ಲಿ ಮಾಡುತ್ತಿದ್ದರು, ಕಲ್ಲಿನ ಹಾಗಿರುತ್ತಿತ್ತು, ಭಾರವೂ ಕಲ್ಲಿನಷ್ಟೇ. ಆಂಟಿಯ ಎರಡೂ ಮಂಡಿ ಬದಲಿಯಾದ ಮೇಲೆ ಅಂಥದ್ದನ್ನು ಹೊತ್ತು ಬೆಟ್ಟ ಹತ್ತಲಾಗದೆ, ಹಗುರವಾದ ಹೊಸ ಬಂದೂಕು ತಂದರು. ಹಗುರ ಮಾಡುವ ಭರದಲ್ಲಿ ಅದನ್ನು ಮಾಡಿದವರು ಸ್ಟಾಕಿನ ಮುಂಭಾಗವನ್ನು ಪ್ಲಾಸ್ಟಿಕ್ಕಿನಲ್ಲಿ ಟೊಳ್ಳಾಗಿ ಮಾಡಿದ್ದರು. ಪಾಠ ಮುಗಿಯುವಷ್ಟರಲ್ಲಿ ಸೌಟಿನಲ್ಲಿದ್ದ ಶಾವಿಗೆ ರೆಡ್‌ವುಡ್ ಸಿಟಿಯವರ ಜುಬ್ಬಾದ ಮೇಲಿತ್ತು.

ನಾವು ನಕ್ಕೆವು. ಆದರೆ ಆ ವರ್ಷ ಆಂಟಿಗೆ ಅದು ನಗುವ ವಿಷಯವಾಗಿರಲಿಲ್ಲ. ಯುಗಾದಿಗೆ ಸ್ವಲ್ಪ ಮುಂಚೆ ಅವರು ದಕ್ಷಿಣದ ಬೆಟ್ಟಗಳಲ್ಲಿರುವ ಒಂದು ರ್‍ಯಾಂಚಿಗೆ ಬೇಟೆಗೆ ಹೋಗಿದ್ದರು. ಅಲ್ಲಿ ಕಾಡುಹಂದಿಗಳು ದನ ಮೇಯುವ ಹುಲ್ಲುಗಾವಲನ್ನು ಉತ್ತ ಹಾಗೆ ಕೆದಕಿಹಾಕುತ್ತವೆ. ರ್‍ಯಾಂಚಿನ ಒಡತಿ ಲಿಂಡಾ, ಒಂದು ಕಾಲದಲ್ಲಿ ಆಂಟಿಯಿಂದ ತೊಡೆಗೆ ರಾಡು ಹಾಕಿಸಿಕೊಂಡವಳು, ಅಂದಿನಿಂದ ಸ್ನೇಹಿತೆ. ಹತ್ತಿರದಲ್ಲೇ ನಿಂತಿದ್ದ ಹಂದಿಗೆ ಆಂಟಿ ಹಾರಿಸಿದ ಗುಂಡು ಬೀಳಬೇಕಾದ ಕಡೆ ಬೀಳಲಿಲ್ಲ. ಹಂದಿ ಗಾಯಗೊಂಡು ಓಡಿತು. ಇಬ್ಬರೂ ಹೆಂಗಸರು ರಕ್ತದ ಜಾಡು ಹಿಡಿದು ಕತ್ತಲಾಗುವವರೆಗೆ ಪೊದೆಪೊದೆ ಹುಡುಕಿದರಂತೆ. ಸಿಗಲಿಲ್ಲ.

ಮನೆಗೆ ಬಂದ ಆಂಟಿ ಬಹಳ ದಿನ ಮಾಂಸ ಮುಟ್ಟಲಿಲ್ಲ. "ಕೊಂದು ತಿನ್ನೋದು ಬೇಟೆ. ನೋಯಿಸಿ ಬಿಟ್ಟುಬರೋದು ಬೇಟೆ ಅಲ್ಲ," ಎಂದು ನನ್ನ ಹತ್ತಿರ ಹೇಳಿಕೊಂಡರು. ಜಿರಲೆಯ ನೆಂಟಳಾದ ನನಗೆ ಎರಡರ ನಡುವಿನ ವ್ಯತ್ಯಾಸ ಅಂದು ಮೊದಲ ಸಲ ತಿಳಿಯಿತು.

ತಪ್ಪು ಸ್ಟಾಕಿನದೇ ಎಂದು ಅವರು ತೀರ್ಮಾನಿಸಿದ್ದರು. ನನ್ನನ್ನು ಕೂರಿಸಿ ಸಾಬೀತೂ ಮಾಡಿದರು. ಗುಂಡಿಲ್ಲದ ಬಂದೂಕನ್ನು ಊಟದ ಮೇಜಿನ ಮೇಲೆ ಮಲಗಿಸಿ, ನಳಿಗೆಗೂ ಸ್ಟಾಕಿಗೂ ನಡುವಿನ ಸಂದಿಯಲ್ಲಿ ಗ್ರೋಸರಿಯ ರಸೀದಿ ತೂರಿಸಿದರು. ಕಾಗದ ಸಲೀಸಾಗಿ ಓಡಾಡಿತು. ಆಮೇಲೆ ಅಕ್ಕಿ ತುಂಬಿದ ಚೀಲದ ಮೇಲೆ ಬಂದೂಕಿನ ಮುಂಭಾಗ ಇಟ್ಟು, ಗುರಿ ಹಿಡಿಯುವವರಂತೆ ಮೈಭಾರ ಬಿಟ್ಟರು.

"ಈಗ ಎಳಿ."

ಎಳೆದೆ. ಕಾಗದ ಸಿಕ್ಕಿಕೊಂಡಿತ್ತು.

"ನೋಡಿದ್ಯಾ? ಬಗ್ಗಿ ನಳಿಗೆಗೆ ತಾಗ್ತಿದೆ. ಗುಂಡು ಹಾರುವಾಗ ನಳಿಗೆ ತಂಬೂರಿ ತಂತಿ ಹಾಗೆ ಅದುರುತ್ತೆ. ಒಂದ್ಸಲ ಇಲ್ಲಿ ತಾಗಿದ್ರೆ ಒಂದು ಶ್ರುತಿ, ಇನ್ನೊಂದ್ಸಲ ಅಲ್ಲಿ ತಾಗಿದ್ರೆ ಇನ್ನೊಂದು ಶ್ರುತಿ. ಗುಂಡು ಒಂದೇ ಕಡೆ ಹೋಗು ಅಂದ್ರೆ ಹೇಗೆ ಹೋಗುತ್ತೆ?"

ಕೋರ್ಟಿನಲ್ಲಿ ಗೆದ್ದ ವಕೀಲರ ಹಾಗಿತ್ತು ಅವರ ಮುಖ. ಅವರು ರಸೀದಿ ಮಡಚಿಡಲು ಒಳಗೆ ಹೋದಾಗ ಅಂಕಲ್ ಒಲೆಯ ಮುಂದಿನಿಂದಲೇ ಮೆಲ್ಲಗೆ ಹೇಳಿದರು: "ಬಂದೂಕಲ್ಲಮ್ಮಾ ಶುಭಾ. ಡಾಕ್ಟ್ರು ಬೆಳಿಗ್ಗೆ ಕಾಫಿ ಕಪ್ಪು ಸಾಸರಿನ ಮೇಲೆ ಇಡುವಾಗ ಕಟಕಟ ಸದ್ದು ಬರುತ್ತೆ. ನಾನು ಪೇಪರ್ ಓದ್ತಾ ಇರೋ ಹಾಗೆ ಇರ್ತೀನಿ."

ಸ್ಟಾಕಿನ ಆಪರೇಷನ್ ಒಂದು ಶನಿವಾರ ಅದೇ ಮೇಜಿನ ಮೇಲೆ ನಡೆಯಿತು. ಸರ್ಜನ್ ದೇಚಮ್ಮ ಆಂಟಿ, ನರ್ಸು ನಾನು. ಇಬ್ಬರಿಗೂ ಮಾಸ್ಕು. ನಳಿಗೆಯನ್ನು ಬಿಚ್ಚಿ ಬದಿಗಿಟ್ಟು, ಟೊಳ್ಳು ಸ್ಟಾಕನ್ನು ಒಳಗೆಲ್ಲ ಕೆರೆದು ಒರಟು ಮಾಡಿ, ಬಾಣದ ಕಾರ್ಬನ್ ಕಡ್ಡಿಗಳನ್ನು ಅಳತೆಗೆ ಕತ್ತರಿಸಿ ಉದ್ದುದ್ದಕ್ಕೆ ಕೂರಿಸಿ, ಸುತ್ತ ಎಪಾಕ್ಸಿ ಅಂಟು ಸುರಿಯುವುದು. ಎಲುಬಿನ ಒಳಗೆ ರಾಡು ಹಾಕುವುದೂ ಇದೂ ಒಂದೇ ಎಂದು ಅವರ ವಾದ. "ಈ ಪೇಷೆಂಟು ಮಾತಾಡಲ್ಲ, ಅಷ್ಟೇ ವ್ಯತ್ಯಾಸ." ಅಂಟು ತಾಗಬಾರದ ಕಡೆ ಬೂಟ್ ಪಾಲಿಷ್ ಬಳಿಯಬೇಕೆಂದು ಅಂಕಲ್ಲಿನ ಡಬ್ಬಿ ಇಡೀ ಖಾಲಿ ಮಾಡಿದರು. ಎಪಾಕ್ಸಿಯ ವಾಸನೆಗೆ ಅಂಕಲ್ ಒಗ್ಗರಣೆ ನಿಲ್ಲಿಸಿ ಹಿತ್ತಲಲ್ಲಿ ಹೋಗಿ ಕೂತರು. ಒಣಗಿದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಬಂದೂಕು ಮೊದಲಿಗಿಂತ ಒಂದು ಬದನೆಕಾಯಿಯಷ್ಟು ಮಾತ್ರ ಹೆಚ್ಚು ಭಾರವಾಗಿತ್ತು.

"ಬದನೆಕಾಯಿ ಹೊತ್ತು ಬೆಟ್ಟ ಹತ್ತಬಲ್ಲೆ," ಎಂದರು ಆಂಟಿ.

ಅಷ್ಟರಲ್ಲಿ ನಾನು ಅವರ ಡ್ರೈವರೂ ಆಗಿದ್ದೆ. ಫ್ರೀವೇ ಎಂದರೆ ಅಂಕಲ್ಲಿಗೆ ಭಯ, ಆಂಟಿಯ ಡ್ರೈವಿಂಗು ಎಂದರೆ ಇನ್ನೂ ಭಯ. ಹಾಗಾಗಿ ರೇಂಜಿಗೆ, ಅಂದರೆ ಗುರಿ ಹೊಡೆಯುವ ಮೈದಾನಕ್ಕೆ, ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸುಮ್ಮನೆ ಕೂತವರನ್ನು ಕಂಡರೆ ಅವರಿಗಾಗದು, ನನಗೂ ಕಲಿಸಿಬಿಟ್ಟಿದ್ದರು. ಕಾಗದಕ್ಕೆ ಹೊಡೆದರೆ ಪಾಪವಿಲ್ಲ ಎಂದು ನಾನು ನನಗೇ ಅಪ್ಪಣೆ ಕೊಟ್ಟುಕೊಂಡಿದ್ದೆ. "ಉಸಿರು ಅರ್ಧ ಬಿಡು. ಟ್ರಿಗರ್ ಎಳೀಬೇಡ, ಹಿಂಡು. ನಿಂಬೆಹಣ್ಣು ಹಿಂಡೋ ಹಾಗೆ." ಇದು ಅವರ ಪಾಠ.

ಆ ದಿನ ಮರಳಿನ ಚೀಲದ ಮೇಲೆ ಬಂದೂಕಿಟ್ಟು ಮೊದಲು ರಸೀದಿ ತೂರಿಸಿದರು. ಮೈಭಾರ ಬಿಟ್ಟರೂ ಕಾಗದ ಸಿಕ್ಕಿಕೊಳ್ಳಲಿಲ್ಲ. ಖುಷಿಯಿಂದ ಬಂದೂಕನ್ನು ನನ್ನ ಕಡೆ ಸರಿಸಿದರು. "ಮೊದಲು ನೀನು. ಹೊಸ ರಸ್ತೆ ಮೇಲೆ ಮೊದಲು ಹಸು ಹೋಗಬೇಕು."

ಹಸು ಹೋಯಿತು. ನಾನು ಹೊಡೆದ ಮೂರು ಗುಂಡುಗಳ ತೂತುಗಳೂ ಒಂದು ಕೋಡುಬಳೆಯೊಳಗೆ ಹಿಡಿಸುವಷ್ಟು ಹತ್ತಿರ ಹತ್ತಿರ ಇದ್ದವು. ಆಂಟಿ ದುರ್ಬೀನಿನಲ್ಲಿ ನೋಡಿ ನನ್ನ ಬೆನ್ನಿಗೆ ಎಂಥ ಗುದ್ದು ಕೊಟ್ಟರೆಂದರೆ ಬಂದೂಕಿನ ಒದೆತವೇ ವಾಸಿ ಅನ್ನಿಸಿತು.

ಆಮೇಲೆ ಅವರು ಕೂತರು. ಮೂರು ಹೊಡೆದರು. ಒಂದು ಮೇಲೆ, ಒಂದು ಬಲಕ್ಕೆ, ಒಂದು ಹಾಳೆಯ ಅಂಚಿನಲ್ಲಿ. ನಳಿಗೆ ಆರಲು ಬಿಟ್ಟು, ನೀರು ಕುಡಿದು, ಮತ್ತೆ ಮೂರು ಹೊಡೆದರು. ಹಾಗೇ.

"ಇವತ್ತು ಗಾಳಿ ಜಾಸ್ತಿ ಇದೆ ಆಂಟಿ," ಎಂದೆ.

"ನಿನಗಿರಲಿಲ್ವಾ ಗಾಳಿ?"

ಅವರು ಬಂದೂಕು ಖಾಲಿ ಮಾಡಿ ಕೆಳಗಿಟ್ಟು, ಬಲಗೈಯನ್ನು ಬೆಂಚಿನ ಮೇಲೆ ಅಂಗೈ ಕೆಳಗಾಗಿ ಚಾಚಿ, ಬೇರೆ ಯಾರದೋ ಎಕ್ಸ್‌ರೇ ನೋಡುವವರಂತೆ ನೋಡಿದರು. "ಸ್ಟಾಕು ಸರಿಯಾಗಿದೆ," ಎಂದರು. "ಚೆನ್ನಾಗಿ ಕೂತಿದೆ ರಾಡು."

ವಾಪಸು ಬರುವಾಗ ಫ್ರೀವೇಯಲ್ಲಿ ಟ್ರಾಫಿಕ್ಕು. ಅವರೇ ಮಾತು ತೆಗೆದರು. "ಆಸ್ಪತ್ರೇಲಿ ಯಾರೂ ನನಗೆ ಸಾಕು ಮಾಡಿ ಅನ್ನಲಿಲ್ಲ. ನಾನಾಗೇ ಕತ್ತಿ ಕೆಳಗಿಟ್ಟೆ. ಆಗ ನಡುಕ ಇರಲಿಲ್ಲ. ಬರಬಹುದು ಅಂತ ಬಿಟ್ಟೆ. ಅಷ್ಟು ಬುದ್ಧಿ ಇದ್ದೋಳು ಹಂದಿ ವಿಷಯದಲ್ಲಿ ನೋಡು, ಪ್ಲಾಸ್ಟಿಕ್ಕನ್ನ ಬೈಕೊಂಡು ಕೂತೆ."

"ಪ್ಲಾಸ್ಟಿಕ್ಕೂ ಬಗ್ತಾ ಇತ್ತಲ್ಲ ಆಂಟಿ."

"ಬಗ್ತಾ ಇತ್ತು, ಸುಳ್ಳಲ್ಲ," ಎಂದು ನಕ್ಕರು. "ಇಬ್ಬರೂ ಸೇರಿ ಮಾಡಿದ ಕೆಲಸ."

ಮನೆಗೆ ಬಂದು ಅಂಕಲ್ಲಿಗೆ ಒಂದೇ ಮಾತಿನಲ್ಲಿ ಹೇಳಿದರು: "ಬೇಟೆ ಬಿಟ್ಟೆ." ಅದನ್ನೇ ಹಾರೈಸುತ್ತಿದ್ದ ಅಂಕಲ್ ಹೆಂಡತಿಯ ಕೈಯಿಂದ ಚೀಲ ಇಸಕೊಂಡು, "ಕೂತ್ಕೊಳ್ಳಿ ಡಾಕ್ಟ್ರೇ, ಅಕ್ಕಿರೊಟ್ಟಿ ಹಾಕ್ತೀನಿ," ಎಂದಷ್ಟೇ ಹೇಳಿ ಒಳಗೆ ಹೋದರು. ರೊಟ್ಟಿ ಬರಲು ಬಹಳ ಹೊತ್ತು ಹಿಡಿಯಿತು.

ಬಂದೂಕನ್ನು ನನಗೆ ಕೊಡುವೆನೆಂದರು. ನನ್ನ ಗಂಡ ಗಾಬರಿಯಾಗಿ, "ಅಮ್ಮ ಇಂಡಿಯಾದಿಂದ ಬಂದಾಗ ಎಲ್ಲಿಡ್ತೀಯಾ, ದೇವರಮನೇಲಾ?" ಎಂದ. ಕೊನೆಗೆ ಅದು ಲಿಂಡಾಳ ಪಾಲಾಯಿತು. ಕ್ಯಾಲಿಫೋರ್ನಿಯಾದಲ್ಲಿ ಬಂದೂಕನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಅಂಗಡಿಯ ಮೂಲಕ ಹೋಗಬೇಕು, ಕಾಯಬೇಕು. "ಅಡಾಪ್ಷನ್ ಪ್ರೊಸೀಜರು," ಎನ್ನುತ್ತಿದ್ದರು ಆಂಟಿ. ಆಮೇಲೆ ಲಿಂಡಾ ಬೇಟೆಗೆ ಹೋದಾಗಲೆಲ್ಲ ಇವರೂ ಹೋಗುತ್ತಿದ್ದರು, ಬರೀ ನೋಡೋಕೆ ಎಂದು. ಬರೀ ನೋಡುವುದು ಅವರಿಂದ ಎಲ್ಲಿ ಆಗುತ್ತದೆ? "ನಿಮ್ಮ ಆಂಟಿ ಬೆನ್ನ ಹಿಂದೆ ಕೂತು ಉಸಿರು ಬಿಡು, ಉಸಿರು ಬಿಡು ಅಂತಾರೆ, ನನಗೆ ಹೆರಿಗೆ ಆಗುತ್ತಿದೆಯೇನೋ ಅನ್ನಿಸುತ್ತೆ," ಎಂದು ಲಿಂಡಾ ನನಗೆ ದೂರು ಕೊಟ್ಟಳು. ಆದರೆ ಗಾಯಗೊಂಡು ಓಡಿದ ಹಂದಿ ಮತ್ತೊಂದಿಲ್ಲ.

ನಾನು ಆಂಟಿಯನ್ನು ಕೊನೆಯ ಸಲ ಕಂಡದ್ದು ಹೋದ ಚಳಿಗಾಲದ ಒಂದು ಬೆಳಿಗ್ಗೆ, ನಮ್ಮ ಡ್ರೈವ್‌ವೇಯಲ್ಲಿ. ಕೊಡಗಿನ ಕಪ್ಪು ಹುಳಿ, ಕಾಚಂಪುಳಿಯ ಪುಟ್ಟ ಬಾಟಲಿ ತಂದುಕೊಟ್ಟು, "ಬದನೆಕಾಯಿಗೆ ಎರಡು ಹನಿ ಹಾಕು. ಎರಡೇ. ನಿನ್ನ ಕೈ ದೊಡ್ಡದು," ಎಂದರು. ಇನ್ನೇನೋ ಹೇಳುತ್ತಾ ನಿಂತೆವು, ಏನೆಂದು ಈಗ ನೆನಪಿಲ್ಲ. ಆ ವಾರದಲ್ಲೇ ನಿದ್ದೆಯಲ್ಲಿ ಹೋಗಿಬಿಟ್ಟರು.

ಮನೆ ತುಂಬ ಜನ ಸೇರಿದ್ದರು. ಅಂಕಲ್ ಎಲ್ಲರಿಗೂ ತಾವೇ ಕಾಫಿ ಮಾಡಿಕೊಡುತ್ತಿದ್ದರು, ಬೇಡವೆಂದರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿಯ ಹತ್ತಿರ ನನ್ನ ಪಕ್ಕ ಬಂದು ನಿಂತರು.

"ನಮ್ಮಲ್ಲಿ ಮನೇಲಿ ಸಾವಾದ್ರೆ ಎರಡು ಗುಂಡು ಹಾರಿಸ್ತೀವಿ ಶುಭಾ. ಒಂದರ ಹಿಂದೆ ಒಂದು. ಊರಿಗೆ ತಿಳೀಲಿ ಅಂತ," ಎಂದರು. ಆಮೇಲೆ, "ಇಲ್ಲಿ ಹಾರಿಸಿದ್ರೆ ಪೊಲೀಸರಿಗೆ ತಿಳಿಯುತ್ತೆ."

ನಾನು ಹಿತ್ತಲಿಗೆ ಹೋಗಿ ಲಿಂಡಾಳಿಗೆ ಫೋನು ಮಾಡಿದೆ. ಎರಡು ಗುಂಡಿನ ವಿಷಯ ಹೇಳಿದೆ. ಬೂಟು ಹಾಕಿಕೊಂಡು ಮನೆ ಹಿಂದಿನ ದಿಬ್ಬದ ಹತ್ತಿರ ಹೋಗುವವರೆಗೆ ಟೈಮು ಕೊಡು ಎಂದಳು. ನಾನು ಒಳಗೆ ಬಂದು ಫೋನನ್ನು ಸ್ಪೀಕರಿಗೆ ಹಾಕಿ ಅಂಕಲ್ ಮುಂದೆ ಇಟ್ಟೆ. ಅಂಕಲ್ ಕಾಫಿ ಸೌಟು ಕೆಳಗಿಟ್ಟು ನೆಟ್ಟಗೆ ನಿಂತರು.

ಒಂದು ಸದ್ದು. ಬಂದೂಕಿನ ಬೋಲ್ಟು ಎಳೆದ ಕಿರುಸದ್ದು. ಇನ್ನೊಂದು.

"ಎರಡನೇದು ತಡ ಆಯ್ತು," ಎಂದರು ಅಂಕಲ್, ಕಣ್ಣು ಒರೆಸಿಕೊಳ್ಳದೆ. "ಡಾಕ್ಟ್ರು ಇದ್ದಿದ್ರೆ ಬೈತಿದ್ರು." ಮತ್ತೆ ಫೋನಿನ ಹತ್ತಿರ ಮುಖ ತಂದು, "ಥ್ಯಾಂಕ್ಯೂ ಲಿಂಡಾ," ಎಂದರು.

ಆ ಕಡೆಯಿಂದ ಬೆಟ್ಟದ ಗಾಳಿಯ ಸದ್ದು ಕೇಳಿಸುತ್ತಿತ್ತು. ಬಹಳ ಹೊತ್ತು ಯಾರೂ ಫೋನು ಇಡಲಿಲ್ಲ.